ಗಂಗಾಳದ ಕೆಳಗಿನ ಹನಿ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಸಾವಂತ್ರವ್ವ ಎಂಬ ಮುದುಕಿ ಅಡುಗೆ ಮಾಡಿಕೊಂಡಿದ್ದಳು. ರೊಟ್ಟಿ ತಟ್ಟುವ ಕೈ ಇನ್ನೂ ಗಟ್ಟಿಯಾಗಿತ್ತು, ಮೊಣಕಾಲು ಮಾತ್ರ ಸೋತಿದ್ದವು. ಚಳಿಗಾಲದಲ್ಲಿ ಕಲ್ಲುನೆಲದ ಮೇಲೆ ಮಲಗಿ ಏಳುವಷ್ಟರಲ್ಲಿ ಅವಳ ಜೀವ ಹೋಗಿ ಬರುತ್ತಿತ್ತು.

ಅವಳ ಕೋಣೆಗೆ ಹಲಗೆಯ ನೆಲ ಹಾಕುವಂತೆ ಶಾಂತಲಿಂಗ ಗುರುಗಳು ಶಿಷ್ಯ ಮೃತ್ಯುಂಜಯನಿಗೆ ಹೇಳಿದರು. ಮೃತ್ಯುಂಜಯ ಕೆಲಸಕ್ಕೆ ಹೇಳಿ ಮಾಡಿಸಿದ ಆಳು. ತಾಳ್ಮೆಯೊಂದನ್ನು ಕೇಳಬಾರದು, ಅಷ್ಟೇ.

ಅವನು ನೇರ ಅಡುಗೆಮನೆಗೆ ಹೋದ. "ಈ ಹುಣ್ಣಿವಿಗೆ ನೀ ಹಲಗಿ ಮ್ಯಾಲೆ ಮಲಗ್ತಿ ನೋಡವ್ವಾ," ಎಂದು ಮಾತು ಕೊಟ್ಟೇಬಿಟ್ಟ.

ಕಲ್ಲು ಎಬ್ಬಿಸಿ, ಮಣ್ಣು ಬಡಿದು ಮಟ್ಟ ಮಾಡಿದ ಮೇಲೆ ಗುರುಗಳು ಊಟದ ಅಗಲ ತಟ್ಟೆ, ಒಂದು ಹಿತ್ತಾಳೆಯ ಗಂಗಾಳ ಕೊಟ್ಟರು.

"ಇದನ್ನ ಮಣ್ಣಿನ ಮ್ಯಾಲೆ ಬೋರಲ ಹಾಕು. ಅಂಚಿಗೆ ಜೇಡಿಮಣ್ಣು ಮೆತ್ತು. ಮುಂಜಾನೆ ಎತ್ತಿ ನೋಡು. ಒಳಗ ಹನಿ ಕಂಡ್ರ ಹಲಗಿ ಮುಟ್ಟಬ್ಯಾಡ. ಬಚ್ಚಲ ನೀರು ಗ್ವಾಡಿ ಬುಡಕ್ಕ ಹೊಂಟಿರತಾವ. ಅದನ್ನ ಆಚೆ ತಿರುಗಿಸು, ಹಸಿ ಮಣ್ಣು ತಗದು ಗರಸುಗಲ್ಲು ತುಂಬು, ಒಣಗೂತನಕ ತಡಿ."

ಮುಂಜಾನೆ ಮೃತ್ಯುಂಜಯ ಗಂಗಾಳ ಎತ್ತಿದ. ಒಳಗೆಲ್ಲ ಹನಿ.

ಹುಣ್ಣಿಮೆ ನಾಡಿದ್ದಿತ್ತು. ಅವನು ಅತ್ತ ಇತ್ತ ನೋಡಿದ. ಹೆಗಲ ಮೇಲಿನ ವಸ್ತ್ರದಿಂದ ಗಂಗಾಳ ಒರೆಸಿದ.

"ಒಣಗೇತೇನು?" ಗುರುಗಳು ಕೇಳಿದರು.

"ಒಣಗೇತ್ರೀ ಅಜ್ಜಾರ."

ಗುರುಗಳು ಎದ್ದು ಬಂದು ನೋಡಲಿಲ್ಲ. ಶಿಷ್ಯ ಒಂದು ಮಾತು ಹೇಳಿದರೆ ಅದನ್ನು ಮತ್ತೆ ಪರೀಕ್ಷಿಸುವ ಪದ್ಧತಿ ಆ ಆಶ್ರಮದಲ್ಲಿರಲಿಲ್ಲ. ಅಂಥ ಕಡೆ ಸುಳ್ಳು ಹೇಳುವುದು ಬಹಳ ಸುಲಭ. ಆಮೇಲೆ ನಿದ್ದೆ ಬರುವುದು ಕಷ್ಟ.

ಹುಣ್ಣಿಮೆಗೆ ಸಾವಂತ್ರವ್ವ ಹೊಸ ಹಲಗೆಯ ಮೇಲೆ ಕಾಲು ಚಾಚಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ ಮಗನ," ಎಂದಳು. ಮೃತ್ಯುಂಜಯನ ಮುಖ ಇಷ್ಟಗಲವಾಯಿತು.

ತಿಂಗಳು ಕಳೆಯುವುದರೊಳಗೆ ಹಲಗೆ ಉಬ್ಬಿ ನಡುವೆ ಎತ್ತಿನ ಡುಬ್ಬದಂತೆ ಎದ್ದು ನಿಂತಿತು. ಮೃತ್ಯುಂಜಯ ಅಲ್ಲಿ ಕೆತ್ತಿದ, ಇನ್ನೊಂದು ಕಡೆ ಎದ್ದಿತು. ಮೊಳೆ ಬಡಿದ, ಮೊಳೆಯೇ ಹೊರಗೆ ಬಂತು. ಕೋಣೆಯಲ್ಲಿ ಮುಗ್ಗಲು ವಾಸನೆ.

ಒಂದು ಮುಂಜಾನೆ ನೋಡಿದರೆ ಸಾವಂತ್ರವ್ವನ ಹಾಸಿಗೆ ಅಡುಗೆಮನೆಯ ಕಲ್ಲಿನ ಮೇಲಿತ್ತು.

"ಇಲ್ಯಾಕ ಮಲಗಿದಿ ಅವ್ವಾ?"

"ಒಲಿ ಬೆಚ್ಚಗ ಐತಲ್ಲೋ, ಅದಕ್ಕ."

ಒಲೆ ರಾತ್ರಿಯೇ ಆರಿ ಬೂದಿಯಾಗಿತ್ತು. ಅವಳು ಗೋಡೆ ಹಿಡಿದು, ತುಟಿ ಕಚ್ಚಿಕೊಂಡು ಏಳುವುದನ್ನು ಅವನು ನೋಡಿದ. ಅಲ್ಲಿಂದ ಓಡಿ ಗುರುಗಳ ಕಾಲಿಗೆ ಬಿದ್ದ.

"ಗಂಗಾಳದೊಳಗ ಹನಿ ಇದ್ದವ್ರಿ ಅಜ್ಜಾರ. ನಾನ ಒರಸಿ ಸುಳ್ಳು ಹೇಳಿದೆ. ಆಕಿ ನೋವು ನೋಡಲಾರದ ಹೇಳಿದೆ."

"ಆಕಿ ನೋವು ನೋಡಲಾರದೋ, ಹುಣ್ಣಿವಿ ಅಂತ ಕೊಟ್ಟ ಮಾತು ಬಿಡಲಾರದೋ?"

"ಮಾತು ಬಿಡಲಾರದ್ರಿ," ಎಂದ ಮೃತ್ಯುಂಜಯ.

"ಆಕಿಗೆ ಹೇಳಿದಿಯೇನು?"

"ಇಲ್ರಿ."

"ಮೊದಲ ಅಲ್ಲಿ ಹೋಗು. ಹೋಗೂ ಮುಂದ ನನ್ನ ಮಂಚಾ ಒಯ್ದು ಆಕಿಗೆ ಹಾಕಿ ಕೊಡು."

ಅವನು ಮಂಚ ಹೊತ್ತುಕೊಂಡು ಅಡುಗೆಮನೆಗೆ ಹೋದ. ಎಲ್ಲ ಹೇಳಿದ. ಸಾವಂತ್ರವ್ವ ಹಿಟ್ಟಿನ ಕೈಯಿಂದಲೇ ಅವನ ತಲೆಗೊಂದು ಮೊಟಕಿದಳು.

"ಹುಚ್ಚಪ್ಪ. ನೀ ಬೈಸ್ಕೋತಿ ಅಂತ ನಾನೂ ಬಾಯಿ ಬಿಡಲಿಲ್ಲ. ಆತು ಬಿಡು, ರೊಟ್ಟಿ ತಿನ್ನು ಬಾ."

ಅವನು ಬಿಸಿ ರೊಟ್ಟಿ ತಿನ್ನುತ್ತಾ ಅತ್ತುಬಿಟ್ಟ.

ಹಗುರಾಗಿ ಹಿಂತಿರುಗಿದಾಗ ಗುರುಗಳು ಸಾವಂತ್ರವ್ವನ ಕೋಣೆಯಲ್ಲಿದ್ದರು. ಹಲಗೆಗಳನ್ನೆಲ್ಲ ಕಿತ್ತು ಗೋಡೆಗೆ ಒರಗಿಸಿ, ಬರಿಗಾಲಲ್ಲಿ ಕಪ್ಪು ಮಣ್ಣಿನ ಮೇಲೆ ನಿಂತಿದ್ದರು.

"ಅಜ್ಜಾರ, ಆಕಿ ಸಿಟ್ಟ ಮಾಡಲಿಲ್ರಿ!" ಬಾಗಿಲಿಂದಲೇ ಕೂಗಿದ ಮೃತ್ಯುಂಜಯ. "ನಕ್ಕು ರೊಟ್ಟಿ ಕೊಟ್ಲು. ಎಲ್ಲಾ ಮುಗದಂಗಾತ್ರಿ."

ಗುರುಗಳು ಅವನ ಕೈಗೆ ಸಲಿಕೆ ಕೊಟ್ಟರು.

"ಆಕಿ ಕ್ಷಮಿಸಿದಳು. ಮಣ್ಣು ಇನ್ನೂ ಹಸೀನ ಐತಿ."