ಹಿಂದಿನ ಮಣೆ

"ಗುರುಗಳೇ, ನಿಮಗೆ ವಯಸ್ಸಾಯಿತು. ನೀವು ಹೋದ ಮೇಲೆ ನಾನು ಯಾರನ್ನು ಕೇಳಿ ನಡೆಯಲಿ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು.

ಒಬ್ಬ ಅಂಬಿಗನಿದ್ದ. ಹೊಳೆಯ ಮೇಲೆಯೇ ಬೆಳೆದವನು. ಅವನ ಹೆಂಡತಿಯೂ ಅಂಬಿಗರ ಮಗಳು. ಇಬ್ಬರೂ ಸೇರಿ ಜನರನ್ನು ದಾಟಿಸುತ್ತಿದ್ದರು. ಅವನು ನಡುವೆ ಕೂತು ಎರಡು ಹುಟ್ಟು ಹಾಕುತ್ತಿದ್ದ. ಅವಳು ಹಿಂದಿನ ಮಣೆಯಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದಳು. ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗೆ. ಮುಂದಿನ ನೀರು ಅವನಿಗೆ ಕಾಣದು. ಕಾಣುವುದು ಹೆಂಡತಿಯ ಮುಖ. ಅವಳ ಹುಬ್ಬು ಗಂಟಾದರೆ ಕೈ ತಡೆಯುತ್ತಿದ್ದ. ಸಡಿಲಾದರೆ ಎಳೆಯುತ್ತಿದ್ದ. ದೋಣಿ ಒಮ್ಮೆಯೂ ಬಂಡೆಗೆ ತಾಗಲಿಲ್ಲ. ಅಂಥವಳು ಅವಳು.

"ಒಂದು ಸಲ ಇಲ್ಲಿ ಬಂದು ಕೂತು ನೋಡಿ. ನನ್ನ ಮೋರೆ ನೋಡಿ ನೋಡಿ ಬೇಸರ ಬರಲಿಲ್ಲವಾ?" ಎನ್ನುತ್ತಿದ್ದಳು.

"ಹೊಳೆಗಿಂತ ನಿನ್ನ ಮೋರೆಯಲ್ಲಿ ಬಂಡೆ ಕಡಿಮೆ," ಎಂದು ಅವನು ನಗುತ್ತಿದ್ದ. ಏಳುತ್ತಿರಲಿಲ್ಲ.

ಅವಳು ಜ್ವರ ಬಂದು ತೀರಿಕೊಂಡಳು. ಅವನು ದೋಣಿ ಕಟ್ಟಿಹಾಕಿದ. ಯಾರು ಕರೆದರೂ ಬಿಚ್ಚಲಿಲ್ಲ.

ಮಳೆಗಾಲದಲ್ಲಿ ಸೂಲಗಿತ್ತಿ ಓಡಿಬಂದಳು. ಆಚೆ ದಡದಲ್ಲಿ ಒಬ್ಬ ಹೆಂಗಸಿಗೆ ನೋವು ಶುರುವಾಗಿತ್ತು. ಮಗು ಅಡ್ಡ ತಿರುಗಿತ್ತು.

"ಚುಕ್ಕಾಣಿಗೆ ಜನ ಇಲ್ಲ ತಾಯಿ," ಎಂದ ಅಂಬಿಗ.

"ಇಷ್ಟು ವರ್ಷ ಹೊಳೆಯಲ್ಲಿ ನೀನೇನು ಮೀನಿಗೆ ಗಾಳಿ ಹಾಕುತ್ತಿದ್ದೆಯಾ? ಏಳಣ್ಣ, ಎರಡು ಜೀವ ಹೋಗುತ್ತದೆ!"

ಅವನು ದೋಣಿ ಬಿಚ್ಚಿದ. ತನ್ನ ಜಾಗದಲ್ಲೇ ಕೂತು ಹುಟ್ಟು ಹಾಕಿದ. ಎದುರಿಗೆ ಬರೀ ಮಣೆ. ಹೊಳೆಯ ನಡುವೆ ದೋಣಿ ಬಂಡೆಗೆ ತಾಗಿ ವಾಲಿತು. ಸೂಲಗಿತ್ತಿ ಚೀರಿದಳು.

ಅವನು ಎದ್ದ. ಒಂದು ಹುಟ್ಟು ಹಿಡಿದು ಹಿಂದಿನ ಮಣೆಗೆ ಹೋಗಿ ಕೂತ. ಆಗ ಹೊಳೆ ಅವನ ಎದುರಿಗೆ ಬಂತು. ಅವಳ ಹುಬ್ಬು ಗಂಟಾಗುತ್ತಿದ್ದ ಕಡೆ ಸುಳಿ ಇತ್ತು. ಸಡಿಲಾಗುತ್ತಿದ್ದ ಕಡೆ ಬಂಡೆಯಿಲ್ಲದ ಆಳದ ನೀರಿತ್ತು. ಹೊಸದು ಒಂದೂ ಇಲ್ಲ. ಅಷ್ಟು ವರ್ಷ ಅವಳ ಮುಖದಲ್ಲಿ ಅವನು ನೋಡಿದ್ದೂ ಹೊಳೆಯನ್ನೇ.

ದೋಣಿ ದಡ ಮುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಆಮೇಲೆ ಕೊನೆಯವರೆಗೂ ಅವನು ಒಬ್ಬನೇ ದೋಣಿ ನಡೆಸಿದ. ಯಾರನ್ನೂ ಕೇಳಲಿಲ್ಲ.

"ಹಾಗಾದರೆ ಅವನಿಗೆ ಅವಳು ಬೇಕಾಗಲೇ ಇಲ್ಲವೇ?" ಎಂದ ಶಿಷ್ಯ.

ಗುರು ಹೇಳಿದರು: "ಕೊನೆಯವರೆಗೂ ಅವನು ಕೂತದ್ದು ಅವಳ ಜಾಗದಲ್ಲಿ, ಮಗೂ."