ಕಂಬದ ಅನುಮಾನ

ರನ್‌ವೇ ಪಕ್ಕದ ಹುಲ್ಲಿನಲ್ಲಿ ಮೊಟ್ಟೆಯಿಟ್ಟಿದ್ದ ಟಿಟ್ಟಿಭ ಹಕ್ಕಿ ಅಲ್ಲೇ ನೆಟ್ಟಿದ್ದ ಆಂಟೆನಾ ಕಂಬವನ್ನು ಕೇಳಿತು: "ನೀನು ನೆಟ್ಟ ಜಾಗದಿಂದ ಕದಲಿದವನಲ್ಲ. ಆದರೂ ನಾನೆಲ್ಲಿದ್ದೇನೆ ಎಂದು ಗಳಿಗೆಗೊಮ್ಮೆ ಉಪಗ್ರಹಗಳನ್ನು ಕೇಳುತ್ತೀಯಲ್ಲ, ಮರೆವೇ?"

"ಮರೆವಲ್ಲ, ಅನುಮಾನ. ನನ್ನ ಜಾಗ ನನಗೆ ಗೊತ್ತು. ಅವು ಎಷ್ಟು ತಪ್ಪು ಹೇಳುತ್ತವೆಂದು ಅಳೆದು, ಅಷ್ಟನ್ನು ತಿದ್ದಿಕೋ ಎಂದು ಇಳಿಯುವ ವಿಮಾನಕ್ಕೆ ಹೇಳುತ್ತೇನೆ."

"ನಾನೂ ಅಷ್ಟೇ, ಯಾರನ್ನೂ ನಂಬುವವಳಲ್ಲ!" ಎಂದು ಹಕ್ಕಿ ಬೀಗಿತು.

ಅಷ್ಟರಲ್ಲಿ ಮಂಜಿನೊಳಗೆ ವಿಮಾನದ ಸದ್ದು ಕೇಳಿತು. ಕಂಬ ತನ್ನ ಅಳತೆಯನ್ನು ತನ್ನಂತೆಯೇ ಅಳೆಯುವ ಆಚೆಯ ಎರಡು ಕಂಬಗಳ ಅಳತೆಯೊಂದಿಗೆ ಹೋಲಿಸಿತು. ತಾಳೆಯಾಗಲಿಲ್ಲ. "ಈಗ ನನ್ನ ಮಾತು ನಂಬಬೇಡ," ಎಂದು ಕೂಗಿತು. ವಿಮಾನ ಇಳಿಯದೆ ಮೇಲೇರಿತು.

"ಉಪಗ್ರಹ ಮೋಸ ಮಾಡಿತೇ?" ಎಂದಿತು ಹಕ್ಕಿ.

"ಗೊತ್ತಿಲ್ಲ. ತಪ್ಪಿದವನು ನಾನೇ ಇರಬಹುದು."

ಹಕ್ಕಿ ತಾನು ಮೊಟ್ಟೆಯಿಡಲು ಆರಿಸಿಕೊಂಡ ಜಾಗವನ್ನು ಮೊದಲ ಬಾರಿಗೆ ಅನುಮಾನದಿಂದ ನೋಡಿತು.