ಗಾದ್ರಿನಾಯಕನ ತೊಡೆ ಕಳುವಾದದ್ದು

ಒಂದಾನೊಂದು ಊರಿನಲ್ಲಿ (ಯಾವ ಊರು ಅಂತ ಕೇಳೋರಿಗೆ ಕತೆ ಇಲ್ಲ, ಈಗಲೇ ಎದ್ದು ಹೋಗಬಹುದು) ಗಾದ್ರಿನಾಯಕ ಅಂತ ಒಬ್ಬ ದೊರೆ ಇದ್ದ. ಮಹಾ ಅನುಮಾನದ ಮನುಷ್ಯ. ಬೆಳಗ್ಗೆ ಎದ್ದರೆ ಈ ಸೂರ್ಯ ನಿನ್ನೆಯವನೇನಾ ಅಂತ ಅನುಮಾನ. ಕನ್ನಡಿ ಮುಂದೆ ಹೋದರೆ ಒಳಗಿನವನು ತನಗಿಂತ ಮೊದಲೇ ಬಂದು ಯಾಕೆ ಕಾಯ್ತಿದ್ದಾನೆ ಅಂತ ಅನುಮಾನ. ಊಟಕ್ಕೆ ಕೂತರಂತೂ ಕೇಳಲೇಬೇಡಿ. ಈ ಎಲೆ ಎತ್ತಿದ ಮೇಲೆ ನಾಳೆ ಇನ್ನೊಂದು ಎಲೆ ಹಾಕ್ತಾರೆ ಅಂತ ಏನು ಖಾತ್ರಿ? ಅದಕ್ಕೇ ನಾಳೆಯ ಊಟವನ್ನೂ ಇವತ್ತೇ ಉಂಡುಬಿಡುತ್ತಿದ್ದ. ನಾಡಿದ್ದಿನದನ್ನಾದರೂ ಬಿಡ್ತಿದ್ದ ಅಂದ್ಕೊಂಡ್ರಾ? ಅದನ್ನ ಸಂಜೆ ಕೋಡುಬಳೆ ಜೊತೆ ಮುಗಿಸುತ್ತಿದ್ದ.

ಅವನು ಅನುಮಾನ ಪಡದೇ ಇದ್ದ ಜೀವ ಅಂದ್ರೆ ಒಂದೇ. ತಂಗಿ ತಿಪ್ಪವ್ವನ ಮಗಳು, ಪುಟ್ಟ ಸೂರಿ. ಅವಳು ಸುಳ್ಳು ಹೇಳಿದರೆ "ಈಗ ಹೇಳಿದ್ದು ಸುಳ್ಳು ಮಾವ" ಅಂತ ತಾನೇ ಹೇಳಿಬಿಡೋಳು.

ಒಂದು ದಿನ ಸೂರಿ ಓಡಿ ಬಂದು ಮಾವನ ತೊಡೆ ಹತ್ತಿ ಕೂತಳು. ಸರ್ರನೆ ಜಾರಿ ನೆಲಕ್ಕೆ ಬಿದ್ದಳು. ಮತ್ತೆ ಹತ್ತಿದಳು. ಮತ್ತೆ ಬಿದ್ದಳು.

"ಮಾವ, ನಿನ್ನ ತೊಡೆ ಎಲ್ಲಿ?"

ದೊರೆ ಬಗ್ಗಿ ನೋಡಿದ. ಹೊಟ್ಟೆ ಕಂಡಿತು. ಹೊಟ್ಟೆ ಮುಗಿದ ಮೇಲೆ ಮೊಣಕಾಲು ಕಂಡಿತು. ನಡುವೆ ಇರಬೇಕಾದ ತೊಡೆ ಇಲ್ಲ!

"ಕಳ್ಳತನ!" ಅಂತ ಕಿರುಚಿದ ದೊರೆ. "ಯಾರೋ ನನ್ನ ತೊಡೆ ಕದ್ದಿದ್ದಾರೆ!"

ತಿಪ್ಪವ್ವ ಬಂದು ನೋಡಿದಳು. ಅವಳ ಮುಖ ಚಿಕ್ಕದಾಯಿತು. ಆ ಸೀಮೆಯಲ್ಲಿ ಒಂದು ಪದ್ಧತಿ. ಹೆಣ್ಣುಕೂಸಿನ ಕಿವಿ ಚುಚ್ಚಬೇಕಾದರೆ ಸೋದರಮಾವನ ತೊಡೆ ಮೇಲೆ ಕೂರಿಸಿಯೇ ಚುಚ್ಚಬೇಕು. ಚಾಪೆ ಆಗಲ್ಲ, ಮಣೆ ಆಗಲ್ಲ, ತೊಡೆಯೇ ಆಗಬೇಕು.

"ಅಣ್ಣಾ, ಯುಗಾದಿ ಆದಮೇಲೆ ಸೂರಿ ಕಿವಿ ಚುಚ್ಚಿಸ್ತೀನಿ. ಅಷ್ಟರೊಳಗೆ ತೊಡೆ ಸಿಕ್ಕಿದರೆ ಸರಿ. ಇಲ್ಲಾಂದ್ರೆ ಪಾಲಯ್ಯನ ತೊಡೆ ಮೇಲೆ ಕೂರಿಸ್ತೀನಿ."

ಪಾಲಯ್ಯ ಅಂದ್ರೆ ದೊರೆಯ ತಮ್ಮ. ಸಣಕಲ. ಅವನಿಗೆ ತೊಡೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬೇಕಾದರೆ ರಾಜ್ಯ ತಗೊಂಡು ಹೋಗಲಿ, ಸೂರಿ ಮಾತ್ರ ನನ್ನ ತೊಡೆ ಮೇಲೇ ಕೂರಬೇಕು ಅಂತ ದೊರೆಗೆ ಅಳು ಬಂತು.

ಕಾವಲಿನ ತಳವಾರರು ಊರೆಲ್ಲಾ ಹುಡುಕಿದರು. ಜಗಲಿ ಮೇಲೆ ಕೂತವರಿಗೆಲ್ಲ ತೊಡೆ ಇತ್ತು. ತಳವಾರರನ್ನ ಕಂಡು ಜನ ಗೌರವದಿಂದ ಎದ್ದು ನಿಂತರು. ನಿಂತ ತಕ್ಷಣ, ಕೂರೋಕೆ ಆಗುವಂಥ ಆ ತೊಡೆ ಮಾಯ!

"ಬುದ್ಧೀ, ಕಣ್ಣೆದುರಿಗೇ ಬಚ್ಚಿಟ್ಟುಕೊಂಡರು!" ಅಂತ ತಳವಾರರು ವರದಿ ಒಪ್ಪಿಸಿದರು.

"ನನಗೆ ಗೊತ್ತಿತ್ತು," ಅಂದ ದೊರೆ. "ಇನ್ನು ಮೇಲೆ ಈ ಊರಲ್ಲಿ ಯಾರೂ ಎದ್ದು ನಿಲ್ಲಬಾರದು!"

ಸರಿ, ಊರೆಲ್ಲಾ ಕೂತಿತು. ಕೂತೇ ನೀರು ಸೇದಿದರು, ಕೂತೇ ಹೊಲ ಉತ್ತರು, ಒಬ್ಬರ ಹಿಂದೊಬ್ಬರು ಕೂತೇ ಓಡಿದರು. ಹಸುಗಳು ಕೂತರೂ ತೊಡೆಯೇ ಕಾಣಲಿಲ್ಲ, ಹಾಗಾಗಿ ಅವುಗಳ ಮೇಲೆ ಜಾಸ್ತಿ ಅನುಮಾನ ಬಂತು. ದೊರೆ ಪಾಲಯ್ಯನ ತೊಡೆಯನ್ನ ಗೇಣು ಹಾಕಿ ಅಳೆದ. ಚಿಕ್ಕದಿತ್ತು. "ನನ್ನದನ್ನೇ ಕೆತ್ತಿ ಸಣ್ಣ ಮಾಡ್ಕೊಂಡಿರಬೇಕು," ಅಂತ ಗುರ್ರ್ ಅಂದ.

ಆಗ ಕೆಳಗಿನಿಂದ ಯಾರೋ ಗುಳುಗುಳು ನಕ್ಕರು.

"ಯಾರದು?"

"ನಾನು, ನಿನ್ನ ಹೊಟ್ಟೆ."

"ನನ್ನ ತೊಡೆ ಎಲ್ಲಿ?"

"ನಾನು ಕೂತಿದೀನಲ್ಲ, ಇದೇ."

"ಕಳ್ಳ! ಏಳು ಮೇಲೆ!"

"ಎದ್ದು ಎಲ್ಲಿಗೆ ಹೋಗ್ಲಿ? ಹಿಂದೆ ಬೆನ್ನು. ಮೇಲೆ ಎದೆ. ನೀನು ಒಳಗೆ ತುಂಬಿದೆ, ನಾನು ಮುಂದೆ ಬಂದೆ. ನಿಂತು ನಿಂತು ಕಾಲು ಸೋತವು, ಕೂತ್ಕೊಂಡೆ."

"ನಿನಗೆ ಕಾಲೇ ಇಲ್ಲವಲ್ಲೋ!"

"ಅದಕ್ಕೇ ಬೇಗ ಸೋತವು."

ಕಳ್ಳ ಸಿಕ್ಕಿದ. ಊರಿನವರು ಎದ್ದು ಮೈ ಮುರಿದರು. ದೊರೆ ಹೊಟ್ಟೆಗೆ ಗಡೀಪಾರು ಶಿಕ್ಷೆ ಕೊಟ್ಟ. ಅನ್ನ ಇಲ್ಲ, ಮುದ್ದೆ ಇಲ್ಲ, ಬರೀ ನಿಂಬೆಹಣ್ಣಿನ ನೀರು. ಹೊಟ್ಟೆ ಮುನಿಸಿಕೊಂಡು ಹೊರಟಿತು. ತೊಡೆಯ ತುದಿ ಇಣುಕಿತು. ಆದರೆ ದೊರೆಗೆ ತಲೆ ಕೆಟ್ಟುಹೋಯಿತು. ಮಂತ್ರಿಯ ಬೋಳುತಲೆ ನೋಡಿ ಇದು ರವೆ ಉಂಡೆಯೇ ಸರಿ ಅಂತ ಅನುಮಾನ ಬಂದು ನೆಕ್ಕಿ ನೋಡಿದ. ಮಂತ್ರಿ ಊರು ಬಿಟ್ಟ. ದೊರೆ ಅಡುಗೆಮನೆಗೆ ನುಗ್ಗಿ ಹಂಡೆ ಹಂಡೆ ಖಾಲಿ ಮಾಡಿದ.

ಹೊಟ್ಟೆ ವಾಪಸು ಬಂತು. ಬರುವಾಗ ಎರಡನೇ ಗದ್ದವನ್ನೂ ಸೊಂಟದ ಕಡೆಯ ಬೀಗರನ್ನೂ ಕರ್ಕೊಂಡು ಬಂತು.

"ಇವರೆಲ್ಲ ಯಾಕೆ?" ಅಂದ ದೊರೆ.

"ನೀನು ಮತ್ತೆ ಯಾವಾಗ ಓಡಿಸ್ತೀಯೋ ಅಂತ ಭಯ. ಜೊತೆಗಿರಲಿ ಅಂತ."

ದೊರೆ ಕೂತು ಗಳಗಳ ಅತ್ತ. ಪಾಲಯ್ಯನ ತೊಡೆ ಮೇಲೆ ಸೂರಿ ಕೂತಂಗೆ ಕಣ್ಣಿಗೆ ಕಟ್ಟಿತು. ಹೊಟ್ಟೆಗೂ ಅಯ್ಯೋ ಪಾಪ ಅನ್ನಿಸಿತು.

"ಓಡಿಸಬೇಡ ಮಾರಾಯ, ನಾನೇ ಸರೀತೀನಿ. ಮುದ್ದೆ ಉಣ್ಣು, ಚಿಕ್ಕದು ಮಾಡಿಸು. ಸೊಪ್ಪಿನ ಸಾರು ಧಾರಾಳ ಹಾಕಿಸ್ಕೋ. ಹುರುಳಿಕಾಳು ತಿನ್ನು. ಮುದ್ದೆ ಬೇಕಾದರೆ ನುಂಗು, ಉಳಿದದ್ದನ್ನ ಅಗಿ. ನಾನು ಸಾಕು ಅಂದಾಗ ಕೇಳಿಸ್ಕೋ. ಉಂಡ ಮೇಲೆ ಬಾವಿ ತನಕ ನಡೆದು ಬಾ. ಹಬ್ಬ ಬಂದರೆ ಒಬ್ಬಟ್ಟು ತಿನ್ನು, ಬೇಡ ಅನ್ನಲ್ಲ. ದಿನಾ ಹಬ್ಬ ಮಾಡಬೇಡ."

"ಅಷ್ಟೇನಾ?" ದೊರೆ ಕಣ್ಣು ಕಿರಿದು ಮಾಡಿದ. "ಇಷ್ಟು ಸುಲಭ ಅಂದ್ರೆ ಏನೋ ಮೋಸ ಇದೆ."

"ಇನ್ನೊಂದಿದೆ. ನನ್ನನ್ನ ದಿನಾ ಅಳೀಬಾರದು. ನೀನು ದುರುಗುಟ್ಟಿ ನೋಡ್ತಿದ್ರೆ ನನಗೆ ನಾಚಿಕೆ. ಸರಿಯೋಕೆ ಆಗಲ್ಲ."

ಅಯ್ಯಯ್ಯೋ! ಅನುಮಾನದ ಮನುಷ್ಯನಿಗೆ ನೋಡಬೇಡ ಅನ್ನೋದೇ? ದೊರೆ ತಾನು ನೋಡಲಿಲ್ಲ, ಆದರೆ ಹೊಟ್ಟೆಗೆ ಕಾವಲು ಹಾಕಿದ. ಹೊಟ್ಟೆ ಕಲ್ಲಿನ ಹಾಗೆ ಕೂತುಬಿಟ್ಟಿತು, ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ಕೊನೆಗೆ ಹಲ್ಲು ಕಚ್ಚಿ ಕಾವಲು ತೆಗೆಸಿದ.

ಅನುಮಾನ ಎಲ್ಲಿಗೆ ಹೋಗಬೇಕು ಹೇಳಿ? ತಟ್ಟೆಗೆ ಬಂತು. ಪ್ರತಿ ಹುರುಳಿಕಾಳನ್ನೂ ಎತ್ತಿ ವಿಚಾರಣೆ ಶುರು ಮಾಡಿದ. "ಯಾರ ಹೊಲದಿಂದ ಬಂದೆ? ನಿನ್ನ ಜೊತೆ ಯಾರಿದ್ದರು?" ಬಾಯಿ ಬಿಡದ ಕಾಳನ್ನ ಚೆನ್ನಾಗಿ ಅಗಿದು ಕೇಳಿದ. ಅರ್ಧ ತಟ್ಟೆಯ ಸಾಕ್ಷಿ ಮುಗಿಯೋ ಹೊತ್ತಿಗೆ ಹೊಟ್ಟೆ "ಸಾಕು" ಅನ್ನುತ್ತಿತ್ತು. ಊಟ ಆದಮೇಲೆ ಬಾವಿ ಮೇಲೆ ಅನುಮಾನ. ಇದ್ದಲ್ಲೇ ಇದೆಯೋ, ಜಾಗ ಬದಲಾಯಿಸಿತೋ? ದಿನಾ ನಡೆದು ಹೋಗಿ ನೋಡಿ ಬರುತ್ತಿದ್ದ. ಬಾವಿ ದಿನಾ ಅಲ್ಲೇ ಇರುತ್ತಿತ್ತು. ಅದಕ್ಕೇ ಅವನಿಗೆ ಇನ್ನಷ್ಟು ಅನುಮಾನ. ಮಧ್ಯೆ ಒಂದು ಮದುವೆಯಲ್ಲಿ ಚಿರೋಟಿ ಜಾಸ್ತಿ ತಿಂದ. ಹೊಟ್ಟೆ ಸಿಟ್ಟಾಗಲಿಲ್ಲ. ಮಾರನೇ ದಿನ ಮತ್ತೆ ಸಣ್ಣ ಮುದ್ದೆ, ಮತ್ತೆ ಬಾವಿ.

ಯುಗಾದಿ ಕಳೆಯಿತು. ಕಿವಿ ಚುಚ್ಚುವ ದಿನ ಬಂತು. ಪಾಲಯ್ಯ ಮಡಿ ಪಂಚೆ ಉಟ್ಟು ತೊಡೆ ಸಮ ಮಾಡಿಕೊಂಡು ಕೂತಿದ್ದ. ದೊರೆ ಎದುರಿಗೆ ಕೂತು ಕಣ್ಣು ಮುಚ್ಚಿಕೊಂಡ.

"ತಿಪ್ಪವ್ವಾ, ನೀನೇ ನೋಡಮ್ಮ. ನನಗೆ ಧೈರ್ಯ ಇಲ್ಲ."

ತಿಪ್ಪವ್ವ ಬಗ್ಗಿ ನೋಡಿದಳು. "ಪೂರ್ತಿ ಬಂದಿಲ್ಲ ಅಣ್ಣಾ. ಒಂದು ಕೂಸು ಕೂರುವಷ್ಟು ಬಂದಿದೆ."

ಸೂರಿ ನಂಬಲಿಲ್ಲ. ಮೊದಲು ತನ್ನ ಮರದ ಗೊಂಬೆ ಕೂರಿಸಿ ನೋಡಿದಳು. ಗೊಂಬೆ ಬೀಳಲಿಲ್ಲ. ಆಮೇಲೆ ತಾನು ಹತ್ತಿ ಕೂತಳು. ಜಾರಲಿಲ್ಲ! ಅಕ್ಕಸಾಲಿ ಚುಚ್ಚಿದಾಗ ಸೂರಿ ಚೀರಿದಳು, ದೊರೆ ಅವಳಿಗಿಂತ ಜೋರಾಗಿ ಚೀರಿದ. ಅತ್ತೂ ಅತ್ತೂ ಸೂರಿ ಹೊಟ್ಟೆಗೆ ಒರಗಿ ಅಲ್ಲೇ ನಿದ್ದೆ ಹೋದಳು. ಹೊಟ್ಟೆ ಉಸಿರು ಬಿಗಿ ಹಿಡಿಯಿತು.

ಅಷ್ಟರಲ್ಲಿ ಎಲೆ ಹಾಕಿದರು. ತುಪ್ಪದ ವಾಸನೆ ಘಮ್ ಅಂತ ಬಂತು. ಬಿಸಿ ಬಿಸಿ ಬೇಳೆ ಒಬ್ಬಟ್ಟು.

"ಕೂಸನ್ನ ನನಗೆ ಕೊಡಣ್ಣ, ನೀನು ಊಟಕ್ಕೆ ಏಳು," ಅಂದ ಪಾಲಯ್ಯ.

"ಯಾಕೆ?" ಅಂದ ದೊರೆ. ಏಳಲಿಲ್ಲ.

ಮೊದಲ ಪಂಕ್ತಿ ಎದ್ದಿತು. ಎರಡನೆಯದೂ ಎದ್ದಿತು. ಬಾಣಲಿ ಕೆರೆಯುವ ಸದ್ದು ಕೇಳಿಸಿತು. "ಒಂದು ತಿನ್ನಬಹುದಿತ್ತು," ಅಂತ ಹೊಟ್ಟೆ ಪಿಸುಗುಟ್ಟಿತು. ಬಡಿಸುವವನು ಕೈ ಒರೆಸಿಕೊಳ್ಳುತ್ತಾ ಬಂದು, "ಒಬ್ಬಟ್ಟು ಮುಗೀತು ಬುದ್ಧೀ," ಅಂದ. ಎಲ್ಲರೂ, ದೊರೆ ಈಗ ಕಳ್ಳತನ ಅಂತ ಕಿರುಚುತ್ತಾನೆ ಅಂತ ಕಿವಿ ಮುಚ್ಚಿಕೊಂಡರು.

ದೊರೆ ಒಬ್ಬೊಬ್ಬರ ಬಾಯಿಯನ್ನೂ ದಿಟ್ಟಿಸಿ ನೋಡಿದ. ಆಮೇಲೆ ಹೇಳಿದ:

"ಮೆತ್ತಗೆ ಮಾತಾಡ್ರೋ. ಕೂಸು ಮಲಗಿದೆ."

ಅವರು ಅಲ್ಲೇ ಕೂತಿದ್ದಾರೆ, ನಾವು ಇಲ್ಲಿ ಕೂತಿದ್ದೀವಿ. ಇದರ ನೀತಿ ಏನಪ್ಪಾ ಅಂದ್ರೆ, ತೊಡೆ ಕಾಣೆಯಾದರೆ ತಳವಾರರನ್ನ ಕರೆಯೋ ಮೊದಲು ಒಂಚೂರು ಬಗ್ಗಿ ನೋಡ್ಕೊಳ್ಳಿ. ಕೊನೇ ಒಬ್ಬಟ್ಟು ಯಾರು ತಿಂದರು ಅಂತೀರಾ? ನನ್ನ ಕಡೆ ಯಾಕೆ ಹಂಗೆ ನೋಡ್ತೀರಿ? ಏಳ್ರಿ, ಏಳ್ರಿ, ನಿಮ್ಮ ನಿಮ್ಮ ಮನೆಗೆ ನಡೀರಿ!